ಹದ್ದು ಬಾವಿ ತೋಡುವುದಿಲ್ಲ

ನನ್ನ ಭಾವಮೈದ ಕುಂದಾಪುರದವನು. ಅಮೆರಿಕದ ಡೆನ್ವರ್ ಸೇರಿ ಇಪ್ಪತ್ತು ವರ್ಷವಾಯಿತು. ಪಾಸ್‌ಪೋರ್ಟ್ ಬದಲಾಗಿದೆ, ನಾಲಿಗೆ ಬದಲಾಗಿಲ್ಲ. ನಾವು ಗಂಡ ಹೆಂಡತಿ ಅವನ ಮನೆಗೆ ಹೋಗಿದ್ದಾಗ ಒಂದು ಶನಿವಾರ ಬೆಳಿಗ್ಗೆ ಗಾಳ, ಮಡಚುವ ಕುರ್ಚಿ, ಚಿತ್ರಾನ್ನದ ಡಬ್ಬಿ ಎಲ್ಲವನ್ನೂ ಕಾರಿಗೆ ತುಂಬಿ, "ಹೊರಡಿ ಭಾವ, ಅಭಯಾರಣ್ಯ ತೋರಿಸ್ತೇನೆ" ಅಂದ. ಎಲ್ಲೋ ಬೆಟ್ಟ ಹತ್ತಿಸುತ್ತಾನೆಂದು ನಾನು ಮಂಡಿಗೆ ಎಣ್ಣೆ ಹಚ್ಚಿಕೊಂಡೇ ಕೂತಿದ್ದೆ. ಬೆಟ್ಟ ಬರಲೇ ಇಲ್ಲ. ಒಂದು ಕಡೆ ತೈಲ ಶುದ್ಧೀಕರಣ ಘಟಕದ ಚಿಮಣಿ, ಇನ್ನೊಂದು ಕಡೆ ಗೋದಾಮುಗಳ ಸಾಲು. ಊರಿನ ಹೆಸರೇ ಕಾಮರ್ಸ್ ಸಿಟಿ. ಅದಕ್ಕೆ ಅಂಟಿಕೊಂಡ ಹಾಗೆ ಸುಮಾರು 15,000 ಎಕರೆ ಹುಲ್ಲುಗಾವಲು. ರಾಕಿ ಮೌಂಟನ್ ಆರ್ಸೆನಲ್ ರಾಷ್ಟ್ರೀಯ ವನ್ಯಜೀವಿಧಾಮ. ಆರ್ಸೆನಲ್ ಅಂದರೆ ಶಸ್ತ್ರಾಗಾರ ಅಂತ ಭಾವಮೈದ ಬಿಡಿಸಿ ಹೇಳಿದ. ನಾನು ಫುಟ್ಬಾಲ್ ತಂಡ ಅಂದುಕೊಂಡಿದ್ದೆ.

ಲಡೋರಾ ಎಂಬ ಕೆರೆಯ ದಂಡೆಯಲ್ಲಿ ಗಾಳ ಹಾಕಿದ. ಮುಕ್ಕಾಲು ಗಂಟೆಗೆ ಒಂದು ಬಾಸ್ ಮೀನು ಬಿತ್ತು, ಮೊಣಕೈಯುದ್ದದ್ದು. ನನ್ನ ಹೆಂಡತಿ ಮನಸ್ಸಿನಲ್ಲೇ ಮೆಣಸು, ಹುಣಸೆಹುಳಿ ಅರೆದು ಒಲೆ ಹಚ್ಚಿಯೂ ಆಗಿತ್ತು. ಅವನು ಕೊಕ್ಕೆ ಬಿಡಿಸಿದ, ಫೋಟೊ ತೆಗೆಸಿಕೊಂಡ, ಬಾಗಿ ಮೀನನ್ನು ನೀರಿಗೆ ಬಿಟ್ಟ. ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ, ಅಷ್ಟು ಜೋಪಾನವಾಗಿ.

"ಎಂತ ಮಾಡ್ದೆ ಮಾರಾಯಾ?" ಅಂದಳು ನನ್ನವಳು, ಅಪ್ಪನ ಮನೆ ಆಸ್ತಿ ಹೋದ ದನಿಯಲ್ಲಿ.

"ಹಿಡುಕೆ ಅಡ್ಡಿಲ್ಲೆ ಅಕ್ಕ, ತಿಂಬುಕೆ ಆತಿಲ್ಲೆ."

"ಯಾವ ದೇವರ ಹರಕೆ?"

"ಹರಕೆ ಅಲ್ಲ, ಕಾನೂನು."

ಕಾನೂನು ಹೇಳುವುದಿಷ್ಟು. ಈ ನೆಲದಲ್ಲಿ ಮನೆ ಕಟ್ಟುವಂತಿಲ್ಲ, ಬೆಳೆ ತೆಗೆಯುವಂತಿಲ್ಲ, ನೆಲದಡಿಯ ನೀರು ಕುಡಿಯುವಂತಿಲ್ಲ, ಹಿಡಿದ ಮೀನು, ಹೊಡೆದ ಮಿಗ ಯಾವುದನ್ನೂ ತಿನ್ನುವಂತಿಲ್ಲ. ಮಡಿ ಉಟ್ಟ ನಮ್ಮ ಅಜ್ಜಿ ಕೂಡ ಅಡುಗೆಮನೆ ಬಾಗಿಲಲ್ಲಿ ನಿಂತು ಇಷ್ಟು ಬೇಡಗಳನ್ನು ಒಂದೇ ಉಸಿರಿಗೆ ಹೇಳಿದವಳಲ್ಲ. ಬೇಕಾದರೆ ನೋಡಿ, ನಡೆಯಿರಿ, ಫೋಟೊ ತೆಗೆಯಿರಿ. ಪ್ರಕೃತಿಯ ಮಡಿಲು ಅಂತಾರಲ್ಲ, ಅದು ಇದೇ. ಆದರೆ ತಾಯಿಯ ಹಾಲು ಕುಡಿಯುವ ಹಾಗಿಲ್ಲ.

ಈ ಮಡಿ ಬಂದದ್ದು ಹೇಗೆಂಬುದನ್ನು ಚಿತ್ರಾನ್ನ ತಿನ್ನುತ್ತ ಕೇಳಿಸಿಕೊಂಡೆ. ಉಳಿದದ್ದನ್ನು ಆ ರಾತ್ರಿ ನಿದ್ದೆ ಬಾರದೆ ಓದಿಕೊಂಡೆ.

1942ರವರೆಗೆ ಇಲ್ಲಿ ರೈತರ ಹೊಲಮನೆಗಳಿದ್ದವು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಿತ್ತು. ಮರುವರ್ಷ ಸೈನ್ಯದವರು ಬಂದು ಸುಮಾರು 20,000 ಎಕರೆ ಬೇಕು ಅಂದರು. ರೈತರು ಗಂಟುಮೂಟೆ ಕಟ್ಟಿದರು. (ಸಾರ್ವಜನಿಕ ಉದ್ದೇಶ ಎಂಬ ಎರಡು ಪದಗಳಿಗೆ ಎತ್ತು, ನೇಗಿಲು, ಮುದುಕರನ್ನೆಲ್ಲ ಒಟ್ಟಿಗೆ ಎತ್ತಿ ಆಚೆ ಇಡುವ ಶಕ್ತಿ ಯಾವ ದೇಶದಲ್ಲೂ ಇದೆ.) ಹೊಲವಿದ್ದಲ್ಲಿ ಸಾಸಿವೆ ಅನಿಲ ತಯಾರಾಯಿತು, ಲ್ಯೂಯಿಸೈಟ್ ತಯಾರಾಯಿತು, ಜಪಾನಿನ ಊರುಗಳನ್ನು ಸುಡಲು ನೇಪಾಮ್ ಬಾಂಬು ತುಂಬಲಾಯಿತು. ಯುದ್ಧ ಮುಗಿದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಶೀತಲ ಸಮರ ಬಂತು; 1953ರಿಂದ 1957ರವರೆಗೆ ಸಾರಿನ್ ಮಾಡಿದರು. ಸಾರಿನ್ ಗೊತ್ತಲ್ಲ, ಹನಿ ಸೋಕಿದರೆ ಸಾಕು, ನರಗಳೆಲ್ಲ ಮುಷ್ಕರ ಹೂಡುತ್ತವೆ.

ಖಾಲಿ ಬಿದ್ದ ಶೆಡ್ಡುಗಳನ್ನು ಸೈನ್ಯ ಬಾಡಿಗೆಗೆ ಕೊಟ್ಟಿತ್ತು. ಬಾಡಿಗೆದಾರರು ಕೀಟನಾಶಕದವರು. 1952ರಲ್ಲಿ ಆ ವ್ಯವಹಾರ ಶೆಲ್ ಕಂಪನಿಯ ಕೈಗೆ ಬಂತು. ಆಲ್ಡ್ರಿನ್, ಡೈಎಲ್ಡ್ರಿನ್ ಮುಂತಾದವನ್ನು ತಯಾರಿಸುತ್ತ 1982ರವರೆಗೂ ಅಲ್ಲೇ ಇತ್ತು. ಅಂದರೆ ಒಂದೇ ಬೇಲಿಯೊಳಗೆ ಉತ್ತರದ ಕಾರ್ಖಾನೆ ಮನುಷ್ಯರ ಪಾಲಿನದು, ದಕ್ಷಿಣದ ಕಾರ್ಖಾನೆ ಹುಳುಗಳ ಪಾಲಿನದು. ಮಾಲು ಅದಲುಬದಲಾದರೂ ಗಿರಾಕಿಯಿಂದ ದೂರು ಬರುವ ಸಂಭವವಿರಲಿಲ್ಲ.

ನನಗೆ ಬಹಳ ಹಿಡಿಸಿದ್ದು ಗೋಧಿಯ ಕತೆ. ರೈತರನ್ನು ಎಬ್ಬಿಸಿದ ಅದೇ ನೆಲದಲ್ಲಿ 1960ರ ದಶಕದಲ್ಲಿ ಸೈನ್ಯವೇ ಗೋಧಿ ಬಿತ್ತಿತು. ಬೆಳೆ ಬಂದ ಮೇಲೆ ಬೇಕೆಂದೇ ಅದಕ್ಕೆ ತುಕ್ಕು ರೋಗ ಹಚ್ಚಿತು. ಆಮೇಲೆ ಕಾಳು ಬಿಟ್ಟು ರೋಗವನ್ನು ಕೊಯಿಲು ಮಾಡಿ, ಆ ಪುಡಿಯನ್ನು ಜೋಪಾನವಾಗಿ ಕೂಡಿಟ್ಟಿತು. ಮುಂದೊಂದು ದಿನ ಶತ್ರುವಿನ ಗದ್ದೆಯ ಮೇಲೆ ಉದುರಿಸಲು. ನಮ್ಮ ಹಳ್ಳಿಗಳಲ್ಲಿ ಪಕ್ಕದ ಹೊಲದವನ ಮೇಲಿನ ಸಿಟ್ಟಿಗೆ ರಾತ್ರೋರಾತ್ರಿ ಬಣವೆಗೆ ಬೆಂಕಿ ಇಡುವವರಿದ್ದಾರೆ. ಇದು ಅದೇ ವಿದ್ಯೆ, ಪಿಎಚ್‌ಡಿ ಮಟ್ಟದ್ದು.

ಇಷ್ಟೆಲ್ಲ ಅಡುಗೆ ಮಾಡಿದ ಮೇಲೆ ಮುಸುರೆ ಚೆಲ್ಲಬೇಕಲ್ಲ. ಮೊದಮೊದಲು ಸುಮ್ಮನೆ ಮಣ್ಣಿನ ಹೊಂಡಗಳಿಗೆ ಬಿಟ್ಟರು. 1950ರ ದಶಕದಲ್ಲಿ ಉತ್ತರ ದಿಕ್ಕಿನ ರೈತರ ಬೆಳೆಗಳು ಬಾವಿ ನೀರು ಕುಡಿದು ಸೊರಗಿದವು. ಆಗ ಎಚ್ಚೆತ್ತು 1956ರಲ್ಲಿ ಡಾಂಬರು ಹಾಸಿದ 93 ಎಕರೆಯ ಹೊಸ ಹೊಂಡ ಕಟ್ಟಿದರು. ಹೆಸರು ಬೇಸಿನ್ ಎಫ್. ಆಕಾಶದಿಂದ ನೋಡಿದ ಬಾತುಕೋಳಿಗಳಿಗೆ ಅದು ಕೆರೆಯ ಹಾಗೇ ಕಂಡಿತು. ಇಳಿದವು. ಮತ್ತೆ ಏಳಲಿಲ್ಲ. ಇನ್ನು ಬೋರ್ಡು ಹಾಕೋಣವೆಂದರೆ ಬಾತುಕೋಳಿಗೆ ಓದು ಬಾರದು. ಪ್ರೊಪೇನ್ ಅನಿಲದ ತೋಪುಗಳನ್ನು ದಂಡೆಗೆ ಇಟ್ಟು ಢಂ ಢಂ ಅನ್ನಿಸಿದರು, ಹಕ್ಕಿಗಳು ಬೆದರಿ ಮುಂದೆ ಹೋಗಲೆಂದು. ಸೈನ್ಯದ ತೋಪು ಪ್ರಾಣ ಉಳಿಸಲೆಂದೇ ಹಾರಿದ ಪ್ರಸಂಗ ಇತಿಹಾಸದಲ್ಲಿ ಇನ್ನೆಷ್ಟಿದೆಯೋ ಕಾಣೆ.

ಹೊಂಡವೂ ಸಾಲದಾಯಿತು. ಆಗ ಯಾರಿಗೋ ಹೊಳೆಯಿತು, ಪಾತಾಳ ಖಾಲಿ ಇದೆಯಲ್ಲ ಅಂತ. 1961ರಲ್ಲಿ 12,045 ಅಡಿ ಆಳದ ಬಾವಿ ಕೊರೆದರು. ನಮ್ಮ ಕೋಲಾರದವರು ಬೋರ್‌ವೆಲ್ ಕೊರೆಯುವುದು ನೀರು ಎತ್ತಲು. ಇವರು ಕೊರೆದದ್ದು ಸುರಿಯಲು. 1962ರ ಮಾರ್ಚಿನಲ್ಲಿ ಸುರಿಯುವುದು ಶುರು. ಏಪ್ರಿಲ್‌ನಲ್ಲಿ ಡೆನ್ವರ್ ನಡುಗಿತು. ಭೂಕಂಪವೆಂದರೆ ಹೆಚ್ಚೇನೂ ಗೊತ್ತಿಲ್ಲದ ಊರು ಅದು. ಅಲ್ಲಿಂದ ಮುಂದೆ ಮೇಲಿಂದ ಮೇಲೆ ನಡುಗುತ್ತಲೇ ಹೋಯಿತು. ಭೂಮಿ ಹೊತ್ತ ಆದಿಶೇಷನ ಬಾಯಿಗೇ ಕೊಳಾಯಿ ಇಟ್ಟು ಪರರ ವಿಷ ಹೊಯ್ದರೆ, ಸ್ವಂತ ವಿಷವನ್ನೇ ಇಟ್ಟುಕೊಳ್ಳಲು ಜಾಗವಿಲ್ಲದ ಅವನು ತಲೆ ಅಲ್ಲಾಡಿಸದೆ ಇರುತ್ತಾನೆಯೇ? 1965ರಲ್ಲಿ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ: ಯಾವ ತಿಂಗಳು ಹೆಚ್ಚು ಸುರಿದಿರೋ ಆ ಕಾಲಕ್ಕೆ ಹೆಚ್ಚು ನಡುಕ. 1966ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 16.5 ಕೋಟಿ ಗ್ಯಾಲನ್ ಒಳಗೆ ಹೋಗಿತ್ತು. ಶೇಷನಿಗೆ ಅಜೀರ್ಣ ತಡವಾಗಿ ಹತ್ತಿತೇನೋ. ನಿಲ್ಲಿಸಿದ ಮರುವರ್ಷ, 1967ರ ಆಗಸ್ಟ್‌ನಲ್ಲಿ, ಎಲ್ಲಕ್ಕಿಂತ ದೊಡ್ಡ ನಡುಕ ಬಂತು.

ಹೀಗೆ ಭೂಮಿ, ನೀರು, ಪಾತಾಳ ಮೂರನ್ನೂ ಮುಗಿಸಿ 1982ರ ಹೊತ್ತಿಗೆ ಕಾರ್ಖಾನೆಗಳು ಬಾಗಿಲು ಹಾಕಿದವು. ಸೈನ್ಯ ಮತ್ತು ಶೆಲ್ ಅಂಗಳದಲ್ಲಿ ನಿಂತು, ಗಲೀಜು ನಿನ್ನದು ಎಷ್ಟು ನನ್ನದು ಎಷ್ಟು ಅಂತ ಜಗಳಕ್ಕೆ ಬಿದ್ದವು. ಅಣ್ಣತಮ್ಮಂದಿರು ಆಸ್ತಿಗೆ ಬಡಿದಾಡುವುದನ್ನು ನೋಡಿದ್ದೇವೆ, ಕಸಕ್ಕೆ ಬಡಿದಾಡುವುದು ಅಪರೂಪ. 1987ರಲ್ಲಿ ಆ ದೇಶದ ಅತಿ ಕೊಳಕು ಜಾಗಗಳ ಸರ್ಕಾರಿ ಪಟ್ಟಿಗೆ, ಸೂಪರ್‌ಫಂಡ್ ಅಂತಾರೆ, ಇದರ ಹೆಸರು ಸೇರಿತು. ಕೊನೆಗೆ ಆದ ರಾಜಿ ಓದಿ ನನಗೆ ದೀಪಾವಳಿ ಸೀರೆ ಅಂಗಡಿ ನೆನಪಾಯಿತು. ಮೊದಲ 50 ಕೋಟಿ ಡಾಲರ್ ಖರ್ಚಿನಲ್ಲಿ ಇಬ್ಬರದೂ ಅರ್ಧರ್ಧ. ಅದರ ಮೇಲಿನ 20 ಕೋಟಿಗೆ ಕಂಪನಿಯದು ನೂರಕ್ಕೆ 35. ಅದಕ್ಕೂ ಮೇಲೆ ಎಷ್ಟೇ ಆಗಲಿ ಕಂಪನಿಯದು ನೂರಕ್ಕೆ 20. ಉಳಿದದ್ದು ಸೈನ್ಯದ್ದು, ಅಂದರೆ ತೆರಿಗೆ ಕಟ್ಟುವ ನನ್ನ ಭಾವಮೈದನದು. ಗಲೀಜು ಹೆಚ್ಚಾದಷ್ಟೂ ರಿಯಾಯಿತಿ ಹೆಚ್ಚು.

ಅಷ್ಟರಲ್ಲಿ ಗರುಡ ದರ್ಶನವಾಗಿತ್ತು.

1986ರ ಚಳಿಗಾಲದಲ್ಲಿ ಶಸ್ತ್ರಾಗಾರದ ಕಾಟನ್‌ವುಡ್ ಮರಗಳ ಮೇಲೆ ಬೋಳುತಲೆ ಹದ್ದುಗಳು ರಾತ್ರಿ ತಂಗುವುದು ಕಣ್ಣಿಗೆ ಬಿತ್ತು. ಹೆಸರಷ್ಟೇ ಬೋಳು, ತಲೆ ತುಂಬ ಬಿಳಿ ಗರಿ. ಆ ದೇಶದ ಲಾಂಛನವೇ ಅದು, ಅಳಿವಿನಂಚಿಗೆ ಹೋಗಿತ್ತು. ಹದ್ದು ಯಾಕೆ ಬಂತು? ತಿನ್ನಲು ಪ್ರೇರಿ ಡಾಗ್ ಇತ್ತು. (ಡಾಗ್ ಅಂತಾರೆ, ಕುಲದಿಂದ ಅಳಿಲು, ಸ್ವಭಾವದಿಂದ ಹೆಗ್ಗಣ, ಬಿಲ ತೋಡುವುದೇ ಕಸುಬು.) ಪ್ರೇರಿ ಡಾಗ್ ಯಾಕೆ ಇತ್ತು? ಮನುಷ್ಯ ಇರಲಿಲ್ಲ. ಮನುಷ್ಯ ಯಾಕೆ ಇರಲಿಲ್ಲ? ಬೇಲಿಯ ಆಚೆ ಕೋವಿ ಹಿಡಿದ ಪಹರೆ, ಈಚೆ ನೆಲದಲ್ಲಿ ವಿಷ. ಡೆನ್ವರಿನ ಬಡಾವಣೆಗಳು ನಾಲ್ಕೂ ದಿಕ್ಕಿಗೆ ಹುಲ್ಲುಗಾವಲು ಮೇಯುತ್ತ ಬಂದು ಇಲ್ಲಿ ಮಾತ್ರ ಮೂಗು ಮುಚ್ಚಿ ನಿಂತವು. ಪಕ್ಕದಲ್ಲೇ ಸ್ಟೇಪಲ್ಟನ್ ವಿಮಾನ ನಿಲ್ದಾಣವಿತ್ತು. ಪಾಪ, ಅದರೊಳಗೆ ಸಾರಿನ್ ಇಲ್ಲ. 1995ರಲ್ಲಿ ಮುಚ್ಚಿದ್ದೇ ತಡ, ಸೈಟಾಗಿ ಹೋಯಿತು. ಈಗ ಅಲ್ಲಿ ಸಾಲು ಮನೆಗಳು, ಸಾಲು ಕಾರುಗಳು. ಹಕ್ಕಿಗೆ ಕೂರಲು ಜಾಗ ಬೇಕಿದ್ದರೆ ಹೋಮ್ ಲೋನ್ ಮಾಡಬೇಕು.

ಹದ್ದು ಬಂದದ್ದರಿಂದ ಹದ್ದಿಗೆಷ್ಟು ಲಾಭವಾಯಿತೋ, ಲೆಕ್ಕ ಬರೆಯುವವರಿಗೂ ಅಷ್ಟೇ ಆಯಿತು. ಈ ಸೂಕ್ಷ್ಮವನ್ನು ಸ್ವಲ್ಪ ನಿಂತು ನೋಡಬೇಕು. ಜಾಗವನ್ನು ಜನ ವಾಸಿಸುವಷ್ಟು ಶುದ್ಧ ಮಾಡಬೇಕೆಂದರೆ ಮಗು ಮಣ್ಣು ತಿಂದರೂ ಏನೂ ಆಗದಷ್ಟು ಮಾಡಬೇಕು. ಬಾವಿ ನೀರು ಎಪ್ಪತ್ತು ವರ್ಷ ಕುಡಿದರೂ ಆಗದಷ್ಟು ಮಾಡಬೇಕು. ಆ ಖರ್ಚಿಗೆ ಕೊನೆಯಿಲ್ಲ. ಅದೇ ಜಾಗ ವನ್ಯಜೀವಿಧಾಮವಾದರೆ? 1992ರಲ್ಲಿ ಅಮೆರಿಕದ ಸಂಸತ್ತು ಹಾಗೆಂದೇ ಕಾಯ್ದೆ ಮಾಡಿತು. ಆಗ ಅಳತೆಗೋಲು ಪ್ರಾಣಿಗಳದ್ದು, ಅಲ್ಲಿ ಕೆಲಸಕ್ಕೆ ಬಂದುಹೋಗುವ ಸಿಬ್ಬಂದಿಯದ್ದು. ಹದ್ದು ಬಾವಿ ತೋಡುವುದಿಲ್ಲ. ನೆಲಮಾಳಿಗೆ ಕಟ್ಟಿಸುವುದಿಲ್ಲ. ಹಿತ್ತಲಲ್ಲಿ ಬದನೆ, ಬಸಳೆ ಹಾಕುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಹದ್ದಿಗೆ ವಕೀಲರ ನಂಬರು ಗೊತ್ತಿಲ್ಲ. ಇಂಥ ಒಳ್ಳೆಯ ಬಾಡಿಗೆದಾರ ಯಾವ ಮಾಲೀಕನಿಗೆ ಸಿಕ್ಕಾನು!

2010ರಲ್ಲಿ ಶುದ್ಧೀಕರಣ ಮುಗಿಯಿತು ಅಂದರು. ಖರ್ಚು 210 ಕೋಟಿ ಡಾಲರ್. ಹಾಗಾದರೆ ವಿಷ ಎಲ್ಲಿಗೆ ಹೋಯಿತು ಅಂತ ನಾನು ಭಾವಮೈದನನ್ನು ಕೇಳಿದೆ. ಅವನು ಕಾರಿನ ಕಿಟಕಿಯಿಂದ ದೂರದ ಹುಲ್ಲಿನ ದಿಬ್ಬ ತೋರಿಸಿದ. ಎಲ್ಲಿಗೂ ಹೋಗಿಲ್ಲ. ಬಹುಪಾಲು ಅಲ್ಲೇ ಇದೆ, ಅಚ್ಚುಕಟ್ಟಾಗಿ ಗೋರಿ ಕಟ್ಟಿಸಿಕೊಂಡು. ನೆಂಟರು ಬರುವ ದಿನ ನಾವು ಮನೆ ಗುಡಿಸಿ ಎಲ್ಲವನ್ನೂ ಮಂಚದ ಕೆಳಗೆ ತಳ್ಳುತ್ತೇವಲ್ಲ, ಅದೇ. ಮೇಲೆ ಚಾದರ ಹಾಸುವ ಬದಲು ಇವರು ಮಣ್ಣು ಹಾಸಿ ಹುಲ್ಲು ಬೆಳೆಸಿದ್ದಾರೆ. ನಡುವೆ ಪುಡಿ ಮಾಡಿದ ಕಾಂಕ್ರೀಟಿನ ದಪ್ಪ ಪದರ. ಅದು ಯಾಕೆ ಗೊತ್ತೇ? ಪ್ರೇರಿ ಡಾಗ್ ಬಿಲ ತೋಡುತ್ತ ಹೋಗಿ ಹಳೆಯ ಕಡತಗಳನ್ನು ಹೊರಗೆಳೆಯದಿರಲೆಂದು. ಯಾರ ಹೆಸರಿನಲ್ಲಿ ಧಾಮವಾಯಿತೋ ಅವರಿಗೇ ಅಲ್ಲಿ ತೋಡುವ ಹಕ್ಕಿಲ್ಲ. ನೆಲದಡಿಯ ನೀರನ್ನು ಶುದ್ಧ ಮಾಡುವ ಯಂತ್ರಗಳೂ ಇನ್ನೂ ನಡೆಯುತ್ತಿವೆ. ಮುಗಿಯಿತು ಎಂಬ ಪದಕ್ಕೆ ಸರ್ಕಾರಿ ನಿಘಂಟಿನಲ್ಲಿ ಬೇರೆಯೇ ಅರ್ಥ ಇರುವುದು ಬೆಂಗಳೂರಿನ ರಸ್ತೆ ಅಗೆತ ಬಲ್ಲ ನಮಗೆ ಹೊಸದಲ್ಲ.

ನಡುವೆ 2000ನೇ ಇಸವಿಯಲ್ಲಿ ಒಂದು ಪ್ರಹಸನವೂ ನಡೆಯಿತು. ಆಗಲೇ ಜನರನ್ನು ಕರೆತಂದು ಹದ್ದು, ಜಿಂಕೆ ತೋರಿಸುವ ಪದ್ಧತಿ ಇತ್ತು. ಹಳೆ ಗುಜರಿ ರಾಶಿಯಲ್ಲಿ ದೊಡ್ಡ ಮೂಸಂಬಿ ಗಾತ್ರದ ಗುಂಡುಗಳು ಸಿಕ್ಕವು. ಮೊದಲು ಆರು, ಆಮೇಲೆ ಇನ್ನಷ್ಟು. ಸಾರಿನ್ ಬಾಂಬುಗಳು. ಪ್ರವಾಸಿಗರನ್ನು ಮನೆಗೆ ಕಳಿಸಿ, ಬಾಂಬುಗಳನ್ನು ಅಲ್ಲೇ ವಿಶೇಷ ಪೆಟ್ಟಿಗೆಯೊಳಗೆ ಸಿಡಿಸಿ ನಾಶ ಮಾಡಿದರು. ನಮ್ಮಲ್ಲಿ ಮನೆ ಖಾಲಿ ಮಾಡುವವರು ಪರಕೆ, ತುಕ್ಕು ಹಿಡಿದ ಒಲೆ ಬಿಟ್ಟು ಹೋಗುವುದುಂಟು.

2007ರಲ್ಲಿ 16 ಬೈಸನ್‌ಗಳನ್ನು ತಂದು ಬಿಟ್ಟರು. ಈಗ ದೊಡ್ಡ ಹಿಂಡು. ನಾವು ಹೋದ ದಿನ ಒಂದು ಗೂಳಿ ರಸ್ತೆಗೆ ಅಡ್ಡ ನಿಂತು ಹತ್ತು ನಿಮಿಷ ಮೆಲುಕು ಹಾಕಿತು. ನಮ್ಮ ಮಲೆನಾಡಿನ ಕಾಟಿಯ ದಾಯಾದಿ, ಆದರೆ ಮುಂಭಾಗಕ್ಕೆ ಕಂಬಳಿ ಹೊದ್ದಿದೆ. ಕಾರಿನಿಂದ ಇಳಿಯುವಂತಿಲ್ಲ. ಅದರ ಕಣ್ಣಲ್ಲಿ ನೆಲ ನನ್ನದು ಎಂಬ ಭಾವ ಎದ್ದು ಕಾಣುತ್ತಿತ್ತು. 2015ರಲ್ಲಿ ಕರಿಗಾಲಿನ ಫೆರೆಟ್‌ಗಳು ಬಂದವು, ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂದು ಒಮ್ಮೆ ಕೈಬಿಟ್ಟಿದ್ದ ಜೀವಿಗಳು. ಇವೆಲ್ಲ ನಿಜ, ಕಣ್ಣಾರೆ ನೋಡಿದರೆ ಹೊಟ್ಟೆ ತಣ್ಣಗಾಗುವುದೂ ನಿಜ; ವ್ಯಂಗ್ಯ ಬರೆಯುವವನಿಗೂ ಹದ್ದು ರೆಕ್ಕೆ ಬಿಚ್ಚಿದಾಗ ಬಾಯಿ ಕಟ್ಟುತ್ತದೆ. ಅಂಚಿನ ಒಂದಷ್ಟು ಜಾಗವನ್ನು ಕಾಮರ್ಸ್ ಸಿಟಿಗೆ ಮಾರಿದರು. ಅಲ್ಲಿ 2007ರಲ್ಲಿ ಎದ್ದು ನಿಂತದ್ದು ಫುಟ್ಬಾಲ್ ಸ್ಟೇಡಿಯಂ. ಅಂದರೆ ನನ್ನ ಊಹೆ ತೀರಾ ತಪ್ಪಾಗಿರಲಿಲ್ಲ.

ಡೆನ್ವರಿನವರಿಗೆ ಈ ವಿದ್ಯೆ ಒಂದರಲ್ಲೇ ಮುಗಿಯಲಿಲ್ಲ. ಊರಿನ ಇನ್ನೊಂದು ಮಗ್ಗುಲಲ್ಲಿ ರಾಕಿ ಫ್ಲ್ಯಾಟ್ಸ್ ಇದೆ. ಅಣುಬಾಂಬಿನ ಪ್ಲುಟೋನಿಯಂ ಗುಂಡಿಗೆ ತಯಾರಾಗುತ್ತಿದ್ದ ಜಾಗ. 1989ರಲ್ಲಿ ಸರ್ಕಾರದ ಕಾರ್ಖಾನೆಯ ಮೇಲೆ ಸರ್ಕಾರದ್ದೇ ಎಫ್‌ಬಿಐ ದಾಳಿ ಮಾಡಿದ ಜಾಗ. ಈಗ ಅದರ ಸುತ್ತಲಿನ ನೆಲವೂ ವನ್ಯಜೀವಿಧಾಮ, 2018ರಿಂದ ಕಾಲುದಾರಿ ತೆರೆದಿದೆ. ಸುತ್ತಮುತ್ತಲ ಹಲವು ಶಾಲಾ ಜಿಲ್ಲೆಗಳು ಮಾತ್ರ ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯಬಾರದು ಎಂದು ತೀರ್ಮಾನಿಸಿವೆ. ಪ್ಲುಟೋನಿಯಂನ ಅರ್ಧಾಯುಷ್ಯ ಸುಮಾರು 24,000 ವರ್ಷ. ಮೇಷ್ಟ್ರುಗಳು ಕಾಯಲು ಸಿದ್ಧರಿದ್ದಾರೆ.

ಅಂದು ರಾತ್ರಿ ಇದನ್ನೆಲ್ಲ ಓದುತ್ತ ನನಗೆ ನಮ್ಮ ನಾಡಿನ ಮೇಲೆ ಅತೀವ ಪ್ರೇಮ ಉಕ್ಕಿತು. ಮುಖ್ಯಮಂತ್ರಿಗಳಿಗೆ ಒಂದು ಮನವಿ ಬರೆಯಲು ಕೂತೆ. ಕಾಡು ಉಳಿಸಲು ಗಾರ್ಡು, ಜೀಪು, ಕಂದಕ, ಸೌರಬೇಲಿ ಅಂತ ಇಷ್ಟು ವರ್ಷ ದುಡ್ಡು ಸುರಿದೆವು, ಒತ್ತುವರಿ ನಿಂತಿಲ್ಲ. ಅಮೆರಿಕ ಕಂಡುಕೊಂಡ ವನಪಾಲಕ ಸಂಬಳ ಕೇಳುವುದಿಲ್ಲ, ಲಂಚ ಮುಟ್ಟುವುದಿಲ್ಲ, ಶಾಸಕರ ಫೋನಿಗೆ ಹೆದರುವುದಿಲ್ಲ. ವಿಷ ಎಂದು ಅದರ ಹೆಸರು. ಎಲ್ಲೆಲ್ಲಿ ಹಸಿರು ಉಳಿಯಬೇಕೋ ಅಲ್ಲೆಲ್ಲ ಒಂದೊಂದು ಲೋಡು ಚೆಲ್ಲಿಸಿ ಎಂದು ಎರಡು ಪುಟ ಬರೆದೆ.

ಮೂರನೆಯ ಪುಟಕ್ಕೆ ಪೆನ್ನು ನಿಂತಿತು. ಬೆಳ್ಳಂದೂರು ನೆನಪಾಯಿತು.

ನಾವು ಈ ಪ್ರಯೋಗ ಮಾಡಿ ಮುಗಿಸಿದ್ದೇವಲ್ಲ! ಬೆಂಗಳೂರಿನ ಅತಿ ದೊಡ್ಡ ಕೆರೆಗೆ ಊರಿನ ಕೊಳಚೆಯನ್ನೆಲ್ಲ ಬಿಟ್ಟು, ನೊರೆ ಎದ್ದು ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಕ್ಷೌರದ ಸೋಪು ಹಚ್ಚಿ, 2015ರಲ್ಲಿ, 2017ರಲ್ಲಿ, 2018ರಲ್ಲಿ ಅದಕ್ಕೆ ಬೆಂಕಿ ಬಿದ್ದದ್ದನ್ನು ಜಗತ್ತೇ ನೋಡಿತು. 2018ರಲ್ಲಿ ಸಾವಿರಾರು ಜವಾನರು ಬಂದು ಆರಿಸಬೇಕಾಯಿತು. ಅಲ್ಲಿ ಸೈನ್ಯ ವಿಷ ತಯಾರಿಸಿತ್ತು. ಇಲ್ಲಿ ಸೈನ್ಯ ಕೆರೆಗೆ ನೀರು ಹೊಯ್ದು ಬೆಂಕಿ ಆರಿಸಿತು. ಹಾಗಾದರೆ ಜನ ದೂರ ಸರಿಯಬೇಕಿತ್ತು, ಹದ್ದು ಬರಬೇಕಿತ್ತು. ಬಂದದ್ದು ಹದಿನಾಲ್ಕನೆಯ ಮಹಡಿ. ಅಮೆರಿಕದ ಬಿಲ್ಡರ್ ಸಾರಿನ್ ಕಂಡರೆ ಹಿಂದೆ ಸರಿಯುತ್ತಾನೆ. ನಮ್ಮವರು ಅದಕ್ಕೂ ಒಂದು ಕಿಟಕಿ ಇಡಿಸಿ ವ್ಯೂ ಚಾರ್ಜು ಹಾಕುತ್ತಾರೆ.

ಇನ್ನು ಕುದುರೆಮುಖ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಬೋರ್ಡು ಹಾಕಿದೆವು. ಅದರ ನಟ್ಟನಡುವೆ, ಭದ್ರೆಯ ತವರಿನಲ್ಲಿ, ಸುಪ್ರೀಂ ಕೋರ್ಟು ಹೇಳುವವರೆಗೆ, 2005ರ ಕೊನೆಯ ದಿನದವರೆಗೆ, ಕಬ್ಬಿಣದದಿರು ಅಗೆದೆವು. ಅದಿರು ತೊಳೆದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ನಿಂತಿದೆ. ಪ್ರವಾಸಿಗಳ ಪಟ್ಟಿಯಲ್ಲಿ ಅದು ನೋಡಲೇಬೇಕಾದ ಸುಂದರ ತಾಣ. ಅಮೆರಿಕದವರು ಕಸವನ್ನು ಮುಚ್ಚಿ ಧಾಮ ಮಾಡಿದರು. ನಾವು ಧಾಮ ಮಾಡಿಕೊಂಡು ಕಸ ಮುಂದುವರಿಸಿದೆವು.

ಮನವಿಯನ್ನು ಹರಿದು ಬುಟ್ಟಿಗೆ ಹಾಕಿದೆ. ಭಾವಮೈದನ ಮನೆಯಲ್ಲಿ ಕಸಕ್ಕೆ ಮೂರು ಬಣ್ಣದ ಬುಟ್ಟಿ. ಯಾವುದಕ್ಕೆ ಹಾಕಬೇಕೆಂದು ಅವನನ್ನು ಎಬ್ಬಿಸಿ ಕೇಳಬೇಕಾಯಿತು.

ಊರಿಗೆ ಬಂದ ಮೂರನೆಯ ದಿನ ಬ್ರೋಕರ್ ಫೋನ್ ಮಾಡಿದ. ಮಗಳಿಗೊಂದು ಫ್ಲ್ಯಾಟ್ ನೋಡಿಡಲು ಹೇಳಿ ಹೋಗಿದ್ದೆವು.

"ಸರ್, ಒಳ್ಳೇ ಪ್ರಾಪರ್ಟಿ ಬಂದಿದೆ. ಮೂರು ಬೆಡ್‌ರೂಮು, ಈಸ್ಟ್ ಫೇಸಿಂಗು, ಬಾಲ್ಕನಿ ತೆಗೆದ್ರೆ ಎದುರಿಗೇ ಕೆರೆ."

"ಯಾವ ಕೆರೆ?"

ಅವನು ಹೇಳಿದ. ನಾನು ಸುಮ್ಮನಾದೆ.

"ಸರ್, ಲೈನಲ್ಲಿದೀರಾ? ನೀವೇನು ಯೋಚ್ನೆ ಮಾಡ್ತಿದೀರಾ ಗೊತ್ತು ಸರ್. ಈಗೆಲ್ಲ ಕ್ಲಿಯರ್ ಆಗಿದೆ. ಬೆಂಕಿ ಬಿದ್ದು ಎಷ್ಟು ವರ್ಷ ಆಯ್ತು ನೋಡಿ! ಬೇಕಾದ್ರೆ ಅಗ್ರಿಮೆಂಟಲ್ಲಿ ಬರ್ಸಿಕೊಡ್ತೀನಿ."